ಏಕವಚನದ ಬಾಸ್: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ನಿನ್ನೆ ರಾತ್ರಿ ಫೋನಿನಲ್ಲಿ ಮುಕ್ಕಾಲು ಗಂಟೆ ನೀನೊಬ್ಬನೇ ಮಾತಾಡಿದೆ. ನಾನು ಹೂಂಗುಟ್ಟುತ್ತಾ ಕೂತಿದ್ದೆ. ಅಷ್ಟು ಹೊತ್ತಿನಲ್ಲಿ ನಿನ್ನ ಬಾಸ್ ಹೆಸರು ಒಂದು ಸಲವೂ ಬರಲಿಲ್ಲ. ಬರೀ 'ಅವನು'. ಅವನು ಹಿಂಗಂದ, ಅವನಿಗೆ ಏನು ಮಾಡಿದರೂ ಸಾಲದು, ಅವನ ಮುಖ ನೋಡೋಕೂ ಆಗಲ್ಲ. ನಾನೂ ಎರಡು ವರ್ಷ ನನ್ನ ಬಾಸನ್ನು ಏಕವಚನದಲ್ಲೇ ಕರೆದವನು. ಎದುರಿಗೆ 'ಸರ್', ಬಾಗಿಲು ದಾಟಿದ ಮೇಲೆ 'ಅವನು'. ಆಗ ನನ್ನ ಗೋಳು ಕೇಳಿಸಿಕೊಂಡವನು ನೀನೇ ಅಲ್ವಾ? ಆ ಸಾಲ ತೀರಿಸೋಕೆ ಈ ಪತ್ರ.

ರಾಜೀನಾಮೆ ಬರೆದಿಟ್ಟಿದ್ದೀನಿ ಅಂದೆ. ಇಟ್ಟುಕೋ, ತಪ್ಪೇನಿಲ್ಲ. ನನ್ನದು ಡ್ರಾಫ್ಟ್ಸ್‌ನಲ್ಲಿ ಹನ್ನೊಂದು ತಿಂಗಳು ಇತ್ತು. ಸಿಟ್ಟು ಬಂದಾಗಲೆಲ್ಲ ತೆರೆದು, ಒಂದೆರಡು ಸಾಲು ಖಾರ ಮಾಡಿ ಮುಚ್ಚುತ್ತಿದ್ದೆ. ಆಫೀಸಿನಲ್ಲಿ ಕೂತು ನಾನು ಬರೆದಿದ್ದರಲ್ಲಿ ಅದರಷ್ಟು ತಿದ್ದಿ ತೀಡಿದ್ದು ಇನ್ನೊಂದಿಲ್ಲ.

ಒಂದು ಸೋಮವಾರದ ಮೀಟಿಂಗ್ ಮಾತ್ರ ನಿನಗೆ ಪೂರ್ತಿ ಹೇಳಿಲ್ಲ. ಹೇಳೋಕೆ ನಾಚಿಕೆ ಆಗಿತ್ತು. ಶುಕ್ರವಾರವೇ ಎರಡು ಪುಟದ ಮೇಲ್ ಕಳಿಸಿದ್ದೆ. ಕೆಲಸ ಯಾಕೆ ತಡವಾಗುತ್ತಿದೆ, ಏನೇನು ಮಾಡಬಹುದು, ಎಲ್ಲಾ ಅದರಲ್ಲಿತ್ತು. ಸೋಮವಾರ ಒಂಬತ್ತು ಜನರ ಮುಂದೆ ಬಾಸ್ ಪೆನ್ನನ್ನು ಟಕ್ ಟಕ್ ಅನ್ನಿಸುತ್ತಾ ಕೇಳಿದರು, "ಇದು ಯಾವಾಗ ಮುಗಿಯುತ್ತೆ?"

"ಸರ್, ಮೇಲ್ ಮಾಡಿದ್ದೆ."

"ಮೇಲ್ ಬಿಡಿ. ಬಾಯಲ್ಲಿ ಹೇಳಿ."

"ಒಂದು ವಾರ ತಡ ಆಗುತ್ತೆ ಸರ್."

ಪೆನ್ನು ನಿಂತಿತು. "ಇದನ್ನ ಈಗ ಹೇಳ್ತಿದ್ದೀರಾ?"

ಕಿವಿ ಬಿಸಿಯಾಯಿತು. ಆ 'ಬಾಯಲ್ಲಿ ಹೇಳಿ' ಅನ್ನುವುದನ್ನು ತಿಂಗಳುಗಟ್ಟಲೆ ಮನಸ್ಸಿನಲ್ಲೇ ಮೆಲುಕು ಹಾಕಿದೆ. ಬೇಕಂತಲೇ ಮರ್ಯಾದೆ ತೆಗೆದ, ಮೇಲ್ ಓದುವಷ್ಟೂ ಬೆಲೆ ಕೊಡಲಿಲ್ಲ ಅಂತ. ಅವರ ಜೊತೆ ಕೆಲಸ ಮಾಡುವುದು ಹೇಗೆ ಅಂತ ಅವರೇ ಎರಡು ಪದದಲ್ಲಿ ಹೇಳಿಬಿಟ್ಟಿದ್ದರು ಅನ್ನುವುದು ಹೊಳೆಯಲೇ ಇಲ್ಲ.

ಹೊಳೆದಿದ್ದು ಮ್ಯಾನೇಜ್‌ಮೆಂಟ್ ಬಗ್ಗೆ ಪುಸ್ತಕಗಳನ್ನು ಬರೆದ ಪೀಟರ್ ಡ್ರಕರ್ ಹೇಳಿದ್ದೊಂದನ್ನು ಓದಿದಾಗ. ಕೆಲವರು ಓದಿ ತಿಳಿದುಕೊಳ್ಳುವವರು, ಕೆಲವರು ಕೇಳಿ ತಿಳಿದುಕೊಳ್ಳುವವರು, ತಾವು ಯಾವ ಜಾತಿ ಅಂತ ತುಂಬಾ ಜನಕ್ಕೆ ಗೊತ್ತೇ ಇರುವುದಿಲ್ಲ ಅನ್ನುತ್ತಾರೆ ಅವರು. ಐಸೆನ್‌ಹೋವರ್ ಕತೆ ಹೇಳುತ್ತಾರೆ. ಎರಡನೇ ಮಹಾಯುದ್ಧದಲ್ಲಿ ಅವರು ಸೇನಾಪತಿಯಾಗಿದ್ದಾಗ ಪತ್ರಕರ್ತರ ಪ್ರಶ್ನೆಗಳು ಅರ್ಧ ಗಂಟೆ ಮೊದಲೇ ಬರಹದಲ್ಲಿ ಅವರ ಕೈಗೆ ಸೇರುತ್ತಿದ್ದವು. ಉತ್ತರ ಕೇಳಿ ಎಲ್ಲರೂ ತಲೆದೂಗುತ್ತಿದ್ದರು. 1953ರಲ್ಲಿ ಅಮೆರಿಕದ ಅಧ್ಯಕ್ಷರಾದ ಮೇಲೆ, ಹಿಂದಿನ ರೂಸ್‌ವೆಲ್ಟ್, ಟ್ರೂಮನ್ ಹಾಗೆ ನಿಂತ ನಿಲುವಿನಲ್ಲೇ ಉತ್ತರ ಕೊಡೋಕೆ ಹೋದರು. ಆ ಇಬ್ಬರೂ ಕೇಳುವ ಜಾತಿ, ಇವರು ಓದುವ ಜಾತಿ. ಪ್ರಶ್ನೆ ಒಂದಾದರೆ ಉತ್ತರ ಇನ್ನೊಂದು ಅಂತ ಅದೇ ಪತ್ರಕರ್ತರು ಆಡಿಕೊಂಡರಂತೆ. ಅಂಥವರಿಗೇ ಹಾಗಾದರೆ ನನ್ನ ಬಾಸ್ ಯಾವ ಲೆಕ್ಕ?

ಆಮೇಲೆ ನಾನು ಮಾಡಿದ್ದು ಇಷ್ಟೇ. ಹೇಳಬೇಕಾದ್ದು ಇದ್ದಾಗ ಕ್ಯಾಬಿನ್ ಬಾಗಿಲಲ್ಲಿ ನಿಂತು ಎರಡು ನಿಮಿಷ ಹೇಳುವುದು. ಮೊದಲು ಏನಾಗಿದೆ ಅಂತ, ಅವರು ಕೇಳಿದರೆ ಮಾತ್ರ ಯಾಕೆ ಅಂತ. ಆಮೇಲೆ ನೆನಪಿಗೆ ನಾಲ್ಕು ಸಾಲಿನ ಮೇಲ್. ಹೊತ್ತು ನೋಡಿ ಹೋಗುವುದನ್ನೂ ಕಲಿತೆ. ಒಂದಿನ ಬಾಗಿಲವರೆಗೆ ಹೋದವನಿಗೆ ಒಳಗಿನ ಮಾತು ಕೇಳಿಸಿತು. "ಗೊತ್ತಿಲ್ಲ ಸರ್. ವಿಚಾರಿಸಿ ಹೇಳ್ತೀನಿ ಸರ್." ಎದ್ದು ನಿಂತು ಫೋನಿನಲ್ಲಿ ಮಾತಾಡುತ್ತಿದ್ದರು ಕಣೋ! ದನಿ ಥೇಟ್ ನನ್ನದೇ. ನಾನು ತಡವಾಗಿ ಹೇಳಿದಾಗಲೆಲ್ಲ ಮೇಲಿನವರಿಗೆ ಇವರು ಏನು ಹೇಳುತ್ತಿದ್ದರೋ. ಸದ್ದಿಲ್ಲದೆ ವಾಪಸ್ ಬಂದೆ.

ಅದಾದ ಮೇಲೆ ಒಂದು ಸಂಜೆ ಧೈರ್ಯ ಮಾಡಿ ಕೇಳಿದೆ. "ಸರ್, ನನ್ನ ಕೆಲಸದಲ್ಲಿ ನಿಮಗೆ ಜಾಸ್ತಿ ತಲೆನೋವು ಕೊಡೋದು ಯಾವುದು?" ಪೆನ್ನು ಕೆಳಗಿಟ್ಟರು. "ನೀವು ಎಲ್ಲಾ ಸರಿ ಇದೆ ಅಂತೀರಿ. ಇಲ್ಲ ಅಂತ ಕೊನೇ ದಿನ ಗೊತ್ತಾಗುತ್ತೆ." ಚುಚ್ಚಿತು. ಆದರೆ ಸುಳ್ಳಲ್ಲ. ನಾನೂ ಒಂದು ಕೇಳಿಕೊಂಡೆ. ತಪ್ಪಿದ್ದರೆ ಒಳಗೆ ಕರೆದು ಹೇಳಿ, ಎಲ್ಲರ ಮುಂದೆ ಬೇಡ. ಹೂಂ ಅನ್ನಲಿಲ್ಲ, ಸಾರಿ ಅಂತೂ ಇಲ್ಲವೇ ಇಲ್ಲ. ಆದರೆ ಮುಂದಿನ ಎರಡು ಮೀಟಿಂಗ್‌ನಲ್ಲಿ ಬಾಯಿಗೆ ಬಂದದ್ದನ್ನು ನುಂಗಿಕೊಂಡಿದ್ದು ಕಣ್ಣಿಗೇ ಕಂಡಿತು. ಮೂರನೇದರಲ್ಲಿ ಮರೆತು ಮತ್ತೆ ಶುರು. ಇರಲಿ. ಮೂರಕ್ಕೆ ಮೂರೂ ಬೈಸಿಕೊಳ್ಳುವುದಕ್ಕಿಂತ ವಾಸಿ.

ಎಲ್ಲಾ ಬಾಸ್‌ಗಳೂ ಒಳಗೆ ಒಳ್ಳೆಯವರೇ ಅಂತ ನಾನು ಹೇಳುತ್ತಿಲ್ಲ. ಹೊಲಸು ಮಾತಾಡುವವರು, ತಮ್ಮ ತಪ್ಪನ್ನು ಕೆಳಗಿನವರ ತಲೆಗೆ ಕಟ್ಟುವವರು, ಒಬ್ಬರನ್ನೇ ಗುರಿ ಮಾಡಿ ಹಿಂಸೆ ಕೊಡುವವರು ಇದ್ದಾರೆ. ಅಲ್ಲಿ ಹೊಂದಾಣಿಕೆ ಮಾತೇ ಬೇಡ. ತಾರೀಕು ಹಾಕಿ ನಡೆದದ್ದನ್ನು ಬರೆದಿಟ್ಟುಕೋ, ಎಚ್‌ಆರ್‌ಗೆ ಬರಹದಲ್ಲೇ ದೂರು ಕೊಡು, ಬೇರೆ ಕೆಲಸವನ್ನೂ ಹುಡುಕು. ನಿನ್ನೆ ನೀನು ಹೇಳಿದ್ದರಲ್ಲಿ ಅಂಥದ್ದು ನನಗೇನೂ ಕಾಣಲಿಲ್ಲ. ಇದ್ದೂ ಹೇಳಿಲ್ಲ ಅಂದರೆ ಈ ಪತ್ರ ಅಲ್ಲೇ ಹರಿದು ಬಿಸಾಕಿ ಫೋನ್ ಮಾಡು.

ನನಗೆ ಕಂಡದ್ದು ಬೇರೆ. ನಿನ್ನ ದೊಡ್ಡ ದೂರು ಏನು? "ಮಾತಾಡೋಣ ಅಂತ ಹೋದರೆ ಕತ್ತೂ ಎತ್ತದೆ 'ಮೇಲ್ ಹಾಕಿ' ಅಂತಾನೆ." ಮಾರಾಯ, ಅವರು ಓದುವ ಜಾತಿ! ನೀನೋ, ಫೋನ್ ಎತ್ತಿದರೆ ಮುಕ್ಕಾಲು ಗಂಟೆ ಮಾತಾಡುವವನು. ನಾನು ಬರೆದು ಬರೆದು ಕೆಟ್ಟೆ, ನೀನು ಮಾತಾಡಿ ಮಾತಾಡಿ ಕೆಡುತ್ತಿದ್ದೀಯ. ನನ್ನ ಹಾಗೆ ಬಾಗಿಲಲ್ಲಿ ಹೋಗಿ ನಿಂತೀಯ ಮತ್ತೆ, ನಿನಗದು ಕೆಲಸಕ್ಕೆ ಬರಲ್ಲ.

ಅಂದಹಾಗೆ, ಹೋದ ತಿಂಗಳು ಊಟಕ್ಕೆ ಕೂತಾಗ ಆಫೀಸಿನದು ಏನೋ ಹೇಳುತ್ತಿದ್ದೆ. ಹೆಂಡತಿ ತಡೆದು ಕೇಳಿದಳು, "ಏನ್ರೀ, 'ಅವನು' ಹೋಗಿ 'ಅವರು' ಯಾವಾಗ ಆದ್ರು?" ನನಗೇ ಗೊತ್ತಾಗಿರಲಿಲ್ಲ.

ನಿನ್ನ ಮೀಟಿಂಗ್ ಬುಧವಾರ ತಾನೇ? ಮಂಗಳವಾರ ಮಧ್ಯಾಹ್ನದೊಳಗೆ ಹತ್ತೇ ಸಾಲಿನ ಮೇಲ್ ಕಳಿಸು. ಕೆಟ್ಟ ಸುದ್ದಿ ಮೊದಲ ಸಾಲಿನಲ್ಲೇ ಇರಲಿ, ಕೊನೆಗೆ ತಳ್ಳಬೇಡ. ಕಳಿಸೋ ಮೊದಲು ನನಗೆ ತೋರಿಸಿದರೆ ಇಪ್ಪತ್ತಿದ್ದದ್ದನ್ನು ಹತ್ತಕ್ಕೆ ಇಳಿಸಿಕೊಡುತ್ತೀನಿ. ಬುಧವಾರ ರಾತ್ರಿ ಫೋನ್ ಮಾಡು, ಎಷ್ಟು ಹೊತ್ತಾದರೂ ಕೇಳುತ್ತೀನಿ. ಅವರ ಹೆಸರಾದರೂ ಏನು ಅಂತ ಈ ಸಲ ಹೇಳು.

ಇಂತಿ,
ನಿನ್ನವ