ನಿಲುಗಡೆ ತೆಗೆಯುವ ಮುಂಚೆ ಜನರನ್ನೊಂದು ಮಾತು ಕೇಳಲಿ

ಸಂಪಾದಕರಿಗೆ ನಮಸ್ಕಾರ.

ವಿದೇಶ ನೋಡಿಬಂದವರು ಪತ್ರಿಕೆಗೆ ಬರೆದರೆ ಸಾಮಾನ್ಯವಾಗಿ ಎರಡೇ ಬಗೆ. ಅಲ್ಲಿಯದೆಲ್ಲ ಚಿನ್ನ ಅನ್ನುವವರು ಒಂದಷ್ಟು ಜನ, ಏನೇ ಆಗಲಿ ನಮ್ಮದೇ ವಾಸಿ ಅನ್ನುವವರು ಇನ್ನೊಂದಷ್ಟು. ನಾನು ರೈಲ್ವೆ ಗಾರ್ಡ್ ಆಗಿ ನಿವೃತ್ತನಾದವನು. 2022ರಿಂದ ಆ ಹುದ್ದೆಗೆ ಟ್ರೈನ್ ಮ್ಯಾನೇಜರ್ ಅಂತ ಹೆಸರು ಬದಲಾಗಿದೆ, ಸಂತೋಷ, ಕೆಲಸವೇನೂ ಬದಲಾಗಿಲ್ಲ. ಸಕಲೇಶಪುರ ಘಾಟ್‌ನಲ್ಲಿ ಗಾಡಿ ಇಳಿಸಿ ಹತ್ತಿಸಿದವನಿಗೆ ಬೇರೆ ದೇಶದ ರೈಲನ್ನು ಕಂಡು ಸುಮ್ಮನೆ ಬೆರಗಾಗುವುದೂ ಕಷ್ಟ, ಸುಮ್ಮನೆ ಮೂಗು ಮುರಿಯುವುದೂ ಕಷ್ಟ. ಮಗಳು ಅಳಿಯ ಇರುವ ಲೀಡ್ಸ್‌ನಿಂದ ಹೊರಟು ಬ್ರಿಟನ್ನಿನಲ್ಲಿ ಒಂದಿಡೀ ದಿನ ರೈಲಿನಲ್ಲೇ ಸುತ್ತಿ ಬಂದೆ. ಅಲ್ಲಿ ಕಂಡ ಒಂದು ವಿಷಯ ನಮ್ಮ ಸಣ್ಣ ನಿಲ್ದಾಣಗಳಿಗೂ ಸಂಬಂಧಪಟ್ಟದ್ದು ಅನ್ನಿಸಿದ್ದರಿಂದ ಈ ಪತ್ರ.

ಬೆಳಿಗ್ಗೆ ಲೀಡ್ಸ್‌ನಿಂದ ಕಾರ್ಲೈಲ್‌ಗೆ. ಅಲ್ಲಿಂದ ಸ್ಕಾಟ್ಲೆಂಡಿನ ಎಡಿನ್‌ಬರೋ, ಆಮೇಲೆ ಪೂರ್ವ ಕರಾವಳಿಯ ಮಾರ್ಗದಲ್ಲಿ ಯಾರ್ಕ್‌ಗೆ ಇಳಿದು ಮತ್ತೆ ಲೀಡ್ಸ್. ಬೇಸಿಗೆಯಲ್ಲಿ ಅಲ್ಲಿ ರಾತ್ರಿ ಒಂಬತ್ತೂವರೆಯಾದರೂ ಬೆಳಕಿರುತ್ತದೆ, ಹಾಗಾಗಿ ಕಿಟಕಿ ಪಕ್ಕ ಕೂತವನಿಗೆ ನಷ್ಟವಿಲ್ಲ. 60 ದಾಟಿದವರು ವರ್ಷಕ್ಕೊಮ್ಮೆ ದುಡ್ಡು ಕೊಟ್ಟು ಒಂದು ಕಾರ್ಡ್ ಮಾಡಿಸಿಕೊಂಡರೆ ಹೆಚ್ಚಿನ ಟಿಕೆಟ್‌ಗಳಲ್ಲಿ ಮೂರನೇ ಒಂದು ಭಾಗ ಕಡಿತ. ಪಾಸ್‌ಪೋರ್ಟ್ ತೋರಿಸಿದರೆ ನಮ್ಮಂಥ ಪರದೇಶದವರಿಗೂ ಕೊಡುತ್ತಾರೆ. ನಮ್ಮಲ್ಲಿ 60 ದಾಟಿದ ಗಂಡಸರಿಗೆ ನೂರಕ್ಕೆ 40, 58 ದಾಟಿದ ಹೆಂಗಸರಿಗೆ 50 ಇದ್ದ ರಿಯಾಯಿತಿ 2020ರ ಮಾರ್ಚ್‌ನಲ್ಲಿ ನಿಂತದ್ದು ಮರಳಿ ಬಂದಿಲ್ಲ. ನನಗೇನೋ ಪಾಸ್ ಇದೆ. ಪಕ್ಕದ ಮನೆಯ ನಿವೃತ್ತ ಮೇಷ್ಟರಿಗೆ ಇಲ್ಲವಲ್ಲ!

ಲೀಡ್ಸ್‌ನಿಂದ ಹೊರಟದ್ದು ಎರಡು ಬೋಗಿಯ ಡೀಸೆಲ್ ಗಾಡಿ. 158 ಅನ್ನುವ ವರ್ಗದ್ದು, ಮೂವತ್ತು ವರ್ಷ ದಾಟಿದ ಹಳೆಯ ಗಾಡಿ, ಒಳಗೆ ಮಾತ್ರ ಚೊಕ್ಕಟವಾಗಿತ್ತು. ಗಾರ್ಡ್ ಒಬ್ಬ ಹೆಣ್ಣುಮಗಳು. ಬೆಟ್ಟಗುಡ್ಡದ ದೃಶ್ಯ ಶುರುವಾಗುವವರೆಗೆ ನಾನು ನೋಡುತ್ತಿದ್ದದ್ದು ಆಕೆಯ ಕೈಯನ್ನೇ. ನಿಲ್ದಾಣ ಬಂದಾಗ ಬಾಗಿಲ ಪಕ್ಕದ ಫಲಕಕ್ಕೆ ಕೀಲಿ ಹಾಕಿ ತಿರುಗಿಸುತ್ತಾಳೆ. ಪ್ಲಾಟ್‌ಫಾರ್ಮಿಗೆ ಇಳಿದು ಉದ್ದಕ್ಕೂ ಕಣ್ಣು ಹಾಯಿಸುತ್ತಾಳೆ. ಮಿಕ್ಕ ಬಾಗಿಲುಗಳನ್ನೆಲ್ಲ ಮೊದಲು ಮುಚ್ಚಿ, ತನ್ನದೊಂದನ್ನು ಮಾತ್ರ ತೆರೆದಿಟ್ಟುಕೊಂಡು, ಯಾರ ಬಟ್ಟೆಯೋ ಚೀಲವೋ ಸಿಕ್ಕಿಲ್ಲ ಅಂತ ಇನ್ನೊಮ್ಮೆ ನೋಡಿ, ಆಮೇಲೆ ತಾನು ಒಳಗೆ ಬಂದು ತನ್ನ ಬಾಗಿಲು ಹಾಕಿಕೊಳ್ಳುತ್ತಾಳೆ. ಕೊನೆಗೆ ಬಜರ್ ಎರಡು ಸಲ. ಚಾಲಕನೂ ಎರಡು ಸಲ ಒತ್ತಿ ಉತ್ತರ ಕೊಟ್ಟ ಮೇಲೆ ಗಾಡಿ ಕದಲುತ್ತದೆ. ಹಸಿರು ಬಾವುಟ ಹಿಡಿದು ಹಿಂದಿನ ಬ್ರೇಕ್ ವ್ಯಾನಿನಿಂದ ಅರ್ಧ ಕಿಲೋಮೀಟರ್ ಉದ್ದದ ಗಾಡಿಯತ್ತ ಬಗ್ಗಿ ನೋಡುತ್ತಿದ್ದ ನನಗೆ ಹೊಟ್ಟೆಕಿಚ್ಚಾಯಿತು ಅಂದರೆ ಸುಳ್ಳಲ್ಲ. ನಾನೂ ಗಾರ್ಡ್ ಆಗಿದ್ದವನು ಅಂದಾಗ ಆಕೆ ಮೊದಲು ಕೇಳಿದ್ದು, "ನಿಮ್ಮ ಗಾಡಿಗೆ ಎಷ್ಟು ಬೋಗಿ?" ಇಪ್ಪತ್ತೆರಡು ಅಂದೆ. ನಕ್ಕು, ನಂಬಿದಳೋ ಇಲ್ಲವೋ, ಮುಂದಿನ ನಿಲ್ದಾಣಕ್ಕೆ ಎದ್ದು ಹೋದಳು.

ಸೆಟಲ್ ಅನ್ನುವ ಊರಿನ ಹತ್ತಿರ ಏರು ಶುರು. ನೂರಕ್ಕೆ ಒಂದರ ಗ್ರೇಡಿಯೆಂಟ್, ಅಂದರೆ ನೂರು ಅಡಿ ಹೋದರೆ ಒಂದು ಅಡಿ ಏರು, ಸುಮಾರು 15 ಮೈಲಿ ಬಿಡುವಿಲ್ಲದೆ. ನಮ್ಮ ಘಾಟ್‌ನಲ್ಲಿ ಐವತ್ತಕ್ಕೆ ಒಂದು, ಹಿಂದಿನಿಂದ ತಳ್ಳಲು ಬ್ಯಾಂಕರ್ ಎಂಜಿನ್ ಬೇಕೇ ಬೇಕು. ಆದರೆ ಕಲ್ಲಿದ್ದಲು ಸುರಿದು ಓಡಿಸುವ ಕಾಲದಲ್ಲಿ ಈ ಹದಿನೈದು ಮೈಲಿ ಫೈರ್‌ಮನ್‌ನ ಬೆನ್ನು ಮುರಿಯುತ್ತಿತ್ತಂತೆ. ಮಿಡ್‌ಲ್ಯಾಂಡ್ ರೈಲ್ವೆ ಕಂಪನಿ 1869ರಲ್ಲಿ ಕೆಲಸ ಶುರುಮಾಡಿ, 1876ರಲ್ಲಿ ಪ್ರಯಾಣಿಕರಿಗೆ ತೆರೆದ ಮಾರ್ಗ ಇದು. ಸೆಟಲ್‌ನಿಂದ ಕಾರ್ಲೈಲ್‌ಗೆ ಸುಮಾರು 116 ಕಿಲೋಮೀಟರ್, ನಡುವೆ 14 ಸುರಂಗ. ಎಲ್ಲರೂ ಫೋಟೊ ಹೊಡೆಯುವುದು ರಿಬಲ್‌ಹೆಡ್ ಸೇತುವೆಯನ್ನು: ಕಲ್ಲಿನ 24 ಕಮಾನು, 400 ಮೀಟರ್ ಉದ್ದ, 32 ಮೀಟರ್ ಎತ್ತರ. ಕೆಳಗೆ ಮರ ಮನೆ ಒಂದೂ ಇಲ್ಲದ ಜೌಗು ಬಯಲು. ಕಟ್ಟಿದ ಕೂಲಿಗಳು ಹೆಂಡತಿ ಮಕ್ಕಳ ಸಮೇತ ಆ ಬಯಲಲ್ಲೇ ಗುಡಿಸಲು ಹಾಕಿಕೊಂಡಿದ್ದರು, ಸಿಡುಬು ಬಂದು ಸತ್ತವರೂ ಇದ್ದಾರೆ. ಗಾಡಿ ಸೇತುವೆಯ ಮೇಲೆ ಹೋಗುವಾಗ ಸೇತುವೆ ಕಾಣುವುದಿಲ್ಲ, ಇದು ಎಲ್ಲ ದೇಶದ ರೈಲುಹುಚ್ಚರ ಕರ್ಮ. ನನ್ನ ಕಣ್ಣಿಗೆ ಬಿದ್ದದ್ದು ಇನ್ನೊಂದು: ಜೋಡಿ ಹಳಿಯ ಮಾರ್ಗ ಸೇತುವೆಯ ಮೇಲೆ ಮಾತ್ರ ಒಂಟಿಯಾಗುತ್ತದೆ. ಭಾರ ಕಡಿಮೆ ಮಾಡಲು 1985ರಲ್ಲಿ ಒಂದು ಹಳಿ ಕಿತ್ತರು.

ಈ ಒಂಟಿ ಹಳಿಯೇ ನಾನು ಹೇಳಬೇಕೆಂದಿರುವ ಕಥೆಯ ಕೊಂಡಿ. ಆ ಮಾರ್ಗದ ಅಭಿಮಾನಿಗಳ ಸಂಘದವರು ಗಾಡಿಯಲ್ಲಿ ಓಡಾಡುತ್ತ ಕೇಳಿದವರಿಗೆ ವಿವರ ಹೇಳುತ್ತಾರೆ, ಸಂಬಳವಿಲ್ಲದ ಸೇವೆ. ಅಂಥ ಹಿರಿಯರೊಬ್ಬರು ನನ್ನ ಎದುರು ಕೂತು ಹೇಳಿದ್ದನ್ನು, ಮನೆಗೆ ಬಂದು ಓದಿ ತಾಳೆ ನೋಡಿ, ಇಲ್ಲಿ ಬರೆಯುತ್ತಿದ್ದೇನೆ. 1980ರ ದಶಕದಲ್ಲಿ ಆಗಿನ ಸರ್ಕಾರಿ ಸಂಸ್ಥೆ ಬ್ರಿಟಿಷ್ ರೈಲ್ ಈ ಮಾರ್ಗವನ್ನು ಮುಚ್ಚಲು ಹೊರಟಿತು. ಸೇತುವೆಗೆ ನೀರು ಇಳಿದು ಕಲ್ಲು ಸಡಿಲವಾಗಿದೆ, ರಿಪೇರಿಗೆ ಕೋಟಿಗಟ್ಟಲೆ ಬೇಕು, ಜನವೂ ಇಲ್ಲ ಅನ್ನುವುದು ಕಾರಣ. ಜನ ಹೇಗೆ ಇರುತ್ತಾರೆ? ಸಣ್ಣ ನಿಲ್ದಾಣಗಳನ್ನು 1970ರಲ್ಲೇ ಮುಚ್ಚಿಯಾಗಿತ್ತು, ಎರಡು ಮಾತ್ರ ಉಳಿದಿದ್ದವು. ನಿಲ್ಲದ ಗಾಡಿಗೆ ಹತ್ತುವವರಿಲ್ಲ ಅಂತ ಲೆಕ್ಕ ತೋರಿಸುವ ಈ ಜಾಣತನ ನಮ್ಮ ಓದುಗರಿಗೆ ಹೊಸದೇನಲ್ಲ.

ಆದರೆ ಅಲ್ಲಿ 1962ರ ಸಾರಿಗೆ ಕಾಯ್ದೆ ಅಡ್ಡ ಬಂತು. ಪ್ರಯಾಣಿಕರ ಗಾಡಿಯ ಓಡಾಟ ರದ್ದು ಮಾಡಬೇಕಾದರೆ ಎರಡು ಸ್ಥಳೀಯ ಪತ್ರಿಕೆಗಳಲ್ಲಿ ಒಂದರ ಹಿಂದೊಂದು ಎರಡು ವಾರ ಪ್ರಕಟಣೆ ಕೊಡಬೇಕು. ಆಕ್ಷೇಪ ಸಲ್ಲಿಸಲು ಜನರಿಗೆ ಕನಿಷ್ಠ ಆರು ವಾರ ಸಮಯ. ಒಬ್ಬರು ಆಕ್ಷೇಪ ಹಾಕಿದರೂ ಸಾಕು, ಬಳಕೆದಾರರ ಸಮಿತಿ ವಿಚಾರಿಸಿ, ಯಾರಿಗೆ ಎಷ್ಟು ಕಷ್ಟವಾಗುತ್ತದೆ ಅಂತ ಮಂತ್ರಿಗೆ ವರದಿ ಕೊಡಬೇಕು. ಮಂತ್ರಿ ಒಪ್ಪುವವರೆಗೆ ಗಾಡಿ ಓಡುತ್ತಿರಲೇಬೇಕು. ಬಂದ ಆಕ್ಷೇಪಗಳು 22 ಸಾವಿರಕ್ಕೂ ಹೆಚ್ಚು. ಅವುಗಳಲ್ಲಿ ಒಂದರ ಮೇಲಿದ್ದದ್ದು ರುಸಪ್ ಅನ್ನುವ ನಾಯಿಯ ಪಂಜದ ಗುರುತು. ಟಿಕೆಟ್ ಪಡೆದು ಪ್ರಯಾಣ ಮಾಡುವ ನಾಯಿಯಾದ್ದರಿಂದ ಅದರ ಆಕ್ಷೇಪವೂ ಸೇರಿತು ಅಂತ ಅಲ್ಲಿನವರು ಈಗಲೂ ಹೆಮ್ಮೆಯಿಂದ ಹೇಳುತ್ತಾರೆ. ಗಾರ್ಸ್‌ಡೇಲ್ ನಿಲ್ದಾಣದ ಪ್ಲಾಟ್‌ಫಾರ್ಮಿನಲ್ಲಿ ಆ ನಾಯಿಯ ಕಂಚಿನ ಪ್ರತಿಮೆ ಇದೆ.

ಇನ್ನೂ ತಮಾಷೆಯೆಂದರೆ ಮಾರ್ಗ ಮುಚ್ಚುವ ಕೆಲಸಕ್ಕೆಂದು ನೇಮಕವಾದ ಅಧಿಕಾರಿ ರಾನ್ ಕಾಟನ್. ಗಾಡಿ ಓಡುತ್ತಿರುವಷ್ಟು ದಿನ ನಷ್ಟವಾದರೂ ಕಡಿಮೆಯಾಗಲಿ ಅಂತ ಈ ಪುಣ್ಯಾತ್ಮ ಅಗ್ಗದ ಟಿಕೆಟ್ ತಂದರು, ಪ್ರಚಾರ ಮಾಡಿದರು. 1986ರಲ್ಲಿ ಎಂಟು ಸಣ್ಣ ನಿಲ್ದಾಣಗಳು ಮತ್ತೆ ಬಾಗಿಲು ತೆರೆದವು. ಕೆಲವೇ ವರ್ಷಗಳಲ್ಲಿ ಪ್ರಯಾಣಿಕರು ಹಲವು ಪಟ್ಟಾದರು. ಸೇತುವೆಯ ರಿಪೇರಿಯೂ ಮೊದಲು ಹೆದರಿಸಿದಷ್ಟು ದುಬಾರಿಯಲ್ಲ ಅಂತ ಗೊತ್ತಾಯಿತು. 1989ರ ಏಪ್ರಿಲ್‌ನಲ್ಲಿ ಸರ್ಕಾರ ಮುಚ್ಚುವುದಿಲ್ಲ ಅಂತ ಘೋಷಿಸಿತು.

ಡೆಂಟ್ ನಿಲ್ದಾಣ ಇಂಗ್ಲೆಂಡಿನ ಮುಖ್ಯ ಮಾರ್ಗಗಳಲ್ಲೇ ಎತ್ತರದ್ದು, ಸಮುದ್ರಮಟ್ಟದಿಂದ 350 ಮೀಟರ್. ಹಿಮ ಹಳಿಗೆ ಜಾರದಂತೆ ಗುಡ್ಡದ ಕಡೆ ಹಳೆಯ ಮರದ ಸ್ಲೀಪರ್‌ಗಳನ್ನು ನಿಲ್ಲಿಸಿ ಬೇಲಿ ಮಾಡಿದ್ದಾರೆ. ಊರು ನಿಲ್ದಾಣದಿಂದ ಆರು ಕಿಲೋಮೀಟರ್ ಕೆಳಗೆ. ನಾನು ಹೋದ ದಿನ ಅಲ್ಲಿ ಇಳಿದದ್ದು ಇಬ್ಬರು ಚಾರಣಿಗರು, ಹತ್ತಿದವರು ಯಾರೂ ಇಲ್ಲ. ಆದರೂ ಗಾಡಿ ನಿಂತಿತು. ಕೀಲಿ, ಬಜರ್ ಎರಡು ಸಲ, ಎಲ್ಲ ಕ್ರಮ ಪ್ರಕಾರ.

ಕಾರ್ಲೈಲ್‌ಗೆ ಸ್ವಲ್ಪ ಮೊದಲು ಈಡನ್ ನದಿಯ ದಡದಲ್ಲಿ 2016ರ ಫೆಬ್ರುವರಿಯಲ್ಲಿ ಗುಡ್ಡ ಜಾರಿ, ಮಾರ್ಗ ಒಂದು ವರ್ಷಕ್ಕೂ ಮೇಲೆ ತುಂಡಾಗಿತ್ತು. 2017ರ ಮಾರ್ಚ್ ಕೊನೆಗೆ 2.3 ಕೋಟಿ ಪೌಂಡ್ ಸುರಿದು ಸರಿಮಾಡಿದರು. ಮುಚ್ಚೋಣ ಅಂತ ಯಾರೂ ಬಾಯಿ ಬಿಡಲಿಲ್ಲ. ನಮ್ಮ ಘಾಟ್‌ನ ಎಡಕುಮೇರಿ-ಕಡಗರವಳ್ಳಿ ನಡುವೆ 2024ರ ಜುಲೈನಲ್ಲಿ ಭೂಕುಸಿತವಾದಾಗ ನಮ್ಮವರು ಮಳೆಯಲ್ಲೇ ನಿಂತು ಕೆಲಸ ಮಾಡಿ ವಾರಗಳಲ್ಲಿ ದಾರಿ ಮಾಡಿಕೊಟ್ಟರು. ಕೆಲಸದಲ್ಲಿ ನಾವು ಯಾರಿಗೂ ಕಡಿಮೆಯಿಲ್ಲ ಅಂತ ಆ ಹಿರಿಯರಿಗೂ ಹೇಳಿದೆ.

ಅಲ್ಲಿನದೆಲ್ಲ ಹೀಗೇ ಅಂದುಕೊಳ್ಳಬೇಡಿ. ಕಾರ್ಲೈಲ್‌ನಿಂದ ಹಾವಿಕ್ ಮೇಲೆ ಎಡಿನ್‌ಬರೋಗೆ ನೇರ ಮಾರ್ಗ ಒಂದಿತ್ತು. 1963ರಲ್ಲಿ ಅಲ್ಲಿನ ರೈಲ್ವೆ ಮಂಡಳಿಯ ಮುಖ್ಯಸ್ಥ ಡಾಕ್ಟರ್ ಬೀಚಿಂಗ್ ಅನ್ನುವವರು ಎರಡು ಸಾವಿರದ ಮೇಲೆ ನಿಲ್ದಾಣ, ಎಂಟು ಸಾವಿರ ಕಿಲೋಮೀಟರ್ ಹಳಿ ಮುಚ್ಚಿ ಅಂತ ವರದಿ ಕೊಟ್ಟಿದ್ದರಲ್ಲ, ಆ ಕೊಡಲಿಗೆ ಇದೂ ಬಿತ್ತು. ಅಲ್ಲೂ ಆಕ್ಷೇಪ ಬಂದಿತ್ತು, ಮಂತ್ರಿ ಕೇಳಲಿಲ್ಲ. 1969ರ ಜನವರಿಯಲ್ಲಿ ಕೊನೆಯ ರಾತ್ರಿ ಗಾಡಿ ಬಂದಾಗ ನ್ಯೂಕ್ಯಾಸಲ್‌ಟನ್ ಹಳ್ಳಿಯವರು ಲೆವೆಲ್ ಕ್ರಾಸಿಂಗ್ ಗೇಟಿಗೆ ಬೀಗ ಜಡಿದು ಅಡ್ಡ ನಿಂತರು. ಊರಿನ ಪಾದ್ರಿಯನ್ನೇ ಪೊಲೀಸರು ಹಿಡಿದುಕೊಂಡು ಹೋದರು. ಆ ಮಾರ್ಗದ ಉತ್ತರದ ಸುಮಾರು 30 ಮೈಲಿಯನ್ನು 2015ರಲ್ಲಿ ಮತ್ತೆ ಕಟ್ಟಿದ್ದಾರೆ, ಮಿಕ್ಕದ್ದು ಹೋದದ್ದೇ. ಹಾಗಾಗಿ ನಾನು ಬೇರೆ ದಾರಿಯಲ್ಲಿ, ತಿರುವಿನಲ್ಲಿ ವಾಲುವ ವೇಗದ ಗಾಡಿಯಲ್ಲಿ ಎಡಿನ್‌ಬರೋ ಸೇರಿದೆ. ಗಂಟೆಗೆ 200 ಕಿಲೋಮೀಟರ್ ಓಡುತ್ತದೆ, ಹೆಂಡತಿ ಕಟ್ಟಿಕೊಟ್ಟಿದ್ದ ಚಪಾತಿ ಬಿಚ್ಚಿ ತಿಂದು ಮುಗಿಸುವಷ್ಟರಲ್ಲಿ ಸ್ಕಾಟ್ಲೆಂಡ್ ಅರ್ಧ ಮುಗಿದಿತ್ತು.

ಎಡಿನ್‌ಬರೋದಿಂದ ಒಂದು ಹೆಜ್ಜೆ ಮುಂದೆ ಹೋಗಿ 1890ರ ಫೋರ್ತ್ ಸೇತುವೆಯನ್ನೂ ನೋಡಿಬಂದೆ. ಅದರ ಬಗ್ಗೆ ಶುರುಮಾಡಿದರೆ ನಿಮ್ಮ ವಾಚಕರ ವಾಣಿಯ ಪುಟ ಪೂರ್ತಿ ನನಗೇ ಬೇಕಾಗುತ್ತದೆ. ವಾಪಸ್ ಬರುವಾಗ ಒಂದು ಕಡೆ ಸಮುದ್ರ, ಬೆರಿಕ್‌ನಲ್ಲಿ ಸ್ಟೀಫನ್‌ಸನ್ ಕಟ್ಟಿದ 28 ಕಮಾನಿನ ಸೇತುವೆ, ಡರಮ್‌ನ ದೊಡ್ಡ ಚರ್ಚು. 1825ರ ಸೆಪ್ಟೆಂಬರ್ 27ರಂದು ಉಗಿ ಎಂಜಿನ್ ಬಳಸಿದ ಮೊದಲ ಸಾರ್ವಜನಿಕ ರೈಲುಮಾರ್ಗವಾದ ಸ್ಟಾಕ್‌ಟನ್-ಡಾರ್ಲಿಂಗ್‌ಟನ್‌ನಲ್ಲಿ ಗಾಡಿ ಓಡಿದ ಸೀಮೆಯೂ ಅಲ್ಲೇ. ಅದೇ ಸೀಮೆಯಲ್ಲಿ ಈಗ ಜಪಾನಿನ ಹಿಟಾಚಿ ಕಾರ್ಖಾನೆ ಹಾಕಿ ರೈಲು ಮಾಡುತ್ತದೆ.

ಇನ್ನು ತಡದ ಮಾತು. ಆ ದಿನದ ಒಂದು ಗಾಡಿ ಮುಕ್ಕಾಲು ಗಂಟೆ ತಡವಾಯಿತು, ಯಾವ ಕಂಪನಿಯದು ಅಂತ ಬರೆಯುವುದಿಲ್ಲ. ಪ್ಲಾಟ್‌ಫಾರ್ಮಿನಲ್ಲಿ ನಮ್ಮವರಂತೆಯೇ ಗೊಣಗಾಟ. ಅರ್ಧ ಗಂಟೆ ದಾಟಿದರೆ ಟಿಕೆಟಿನ ಅರ್ಧ ದುಡ್ಡು ಕೇಳಬಹುದು, ಮಗಳು ಮೊಬೈಲಿನಲ್ಲೇ ಅರ್ಜಿ ಹಾಕಿದಳು. ಟಿಕೆಟ್ ದರ ಕೇಳಿದರೆ ಎದೆ ಒಡೆಯುತ್ತದೆ ಅನ್ನುವುದೂ ನಿಜ. ಕಾಯ್ದೆಯನ್ನು ದಾಟಲು ಅಲ್ಲಿನವರೂ ಒಳದಾರಿ ಕಂಡುಕೊಂಡಿದ್ದಾರೆ. ಮುಚ್ಚುವ ರಗಳೆ ಬೇಡ ಅಂತ ಕೆಲವು ನಿಲ್ದಾಣಗಳಿಗೆ ವಾರಕ್ಕೆ ಒಂದೋ ಎರಡೋ ಗಾಡಿ ಓಡಿಸಿ ಕೈ ತೊಳೆದುಕೊಳ್ಳುತ್ತಾರೆ, ಮ್ಯಾಂಚೆಸ್ಟರ್ ಹತ್ತಿರದ ಡೆಂಟನ್ ಇದಕ್ಕೆ ಹೆಸರುವಾಸಿ. ಆದರೂ ನಿಲ್ದಾಣ ಉಳಿದಿದೆ, ಹಳಿ ಉಳಿದಿದೆ. ಈಗ ಕಾಯ್ದೆ ಬೇರೆ ಬಂದಿದೆ, ಜನರನ್ನು ಕೇಳದೆ ಮುಚ್ಚುವಂತಿಲ್ಲ ಅನ್ನುವುದು ಹಾಗೇ ಇದೆ.

ನಮ್ಮಲ್ಲಿ ಕೊರೊನಾ ಕಾಲದಲ್ಲಿ ನಿಂತ ಪ್ಯಾಸೆಂಜರ್ ಗಾಡಿಗಳು ಮರಳಿದಾಗ ಸ್ಪೆಷಲ್ ಅಂತ ಹೆಸರು ಹೊತ್ತು ಬಂದವು, ಕನಿಷ್ಠ ದರ 10 ರೂಪಾಯಿ ಇದ್ದದ್ದು 30 ಆಯಿತು. 2024ರಲ್ಲಿ ದರ ಇಳಿಯಿತು. ಆದರೆ ಎಷ್ಟೋ ಸಣ್ಣ ನಿಲ್ದಾಣಗಳಲ್ಲಿ ಗಾಡಿ ನಿಲ್ಲುವುದು ಮಾತ್ರ ಮರಳಿ ಬರಲೇ ಇಲ್ಲ. ನನ್ನ ತಂಗಿಯ ಊರಿನ ಹಾಲ್ಟ್‌ನಲ್ಲಿ ಬೆಳಗಿನ ಗಾಡಿ ನಿಲ್ಲುವುದಿಲ್ಲ ಅಂತ ಅವಳಿಗೆ ಗೊತ್ತಾದದ್ದು, ಮೊಸರಿನ ಡಬ್ಬಿ ಹಿಡಿದು ನಿಂತಿದ್ದಾಗ ಗಾಡಿ ಕಣ್ಣೆದುರೇ ಹಾದುಹೋದಾಗ.

ನಾನು ಕೇಳುವುದು ಹೊಸ ಗಾಡಿಯನ್ನಲ್ಲ, ವಂದೇ ಭಾರತನ್ನೂ ಅಲ್ಲ. ಯಾವುದೇ ನಿಲ್ದಾಣದ ನಿಲುಗಡೆ ತೆಗೆಯುವ ಆರು ವಾರ ಮುಂಚೆ ಆ ನಿಲ್ದಾಣದಲ್ಲಿ ಕನ್ನಡದಲ್ಲಿ ಒಂದು ಪ್ರಕಟಣೆ ಅಂಟಿಸಲಿ, ಎರಡು ಕನ್ನಡ ಪತ್ರಿಕೆಗಳಲ್ಲಿ ಹಾಕಲಿ. ಆಕ್ಷೇಪ ಬಂದರೆ ಅದೇ ನಿಲ್ದಾಣದಲ್ಲಿ, ಹಾಲಿನವರು ಕಾಲೇಜು ಹುಡುಗರು ಬರಲಾಗುವ ಹೊತ್ತಿನಲ್ಲಿ, ಒಂದು ಸಭೆ ಕರೆಯಲಿ. ಇದಕ್ಕೆ ಕೋಟಿ ಬೇಡ. ರೈಲು ಬಳಕೆದಾರರ ಸಲಹಾ ಸಮಿತಿಗಳು ವಿಭಾಗಕ್ಕೊಂದು, ವಲಯಕ್ಕೊಂದು ಈಗಾಗಲೇ ಇವೆ, ಈ ಕೆಲಸವನ್ನು ಅವಕ್ಕೆ ವಹಿಸಬಹುದು. ಈ ಪತ್ರದ ಪ್ರತಿಯನ್ನು ನಮ್ಮ ವಿಭಾಗದ ಸಮಿತಿಗೂ, ಕ್ಷೇತ್ರದ ಸಂಸದರಿಗೂ ಕಳಿಸಿದ್ದೇನೆ. ತಮ್ಮೂರಿನ ನಿಲುಗಡೆ ಹೋಗಿರುವ ಓದುಗರು ಗಾಡಿಯ ನಂಬರು, ನಿಲ್ಲುತ್ತಿದ್ದ ಸಮಯ, ನಿಂತುಹೋದ ತಿಂಗಳು ಇಷ್ಟನ್ನು ಬರೆದು ಅದೇ ಸಮಿತಿಗೆ ಹಾಕಲಿ.

— ಒಬ್ಬ ನಿವೃತ್ತ ಗಾರ್ಡ್, ಅರಸೀಕೆರೆ