ಶಪಿರೋ ಆಗಿದ್ರೇನೇ ಲಾಭ

ಸಂಪಾದಕರೇ,

2024ರ ಅಮೆರಿಕ ಚುನಾವಣೇಲಿ ಡೆಮಾಕ್ರಟರ ಕಮಲಾ ಹ್ಯಾರಿಸ್ ಜೊತೆ ಉಪಾಧ್ಯಕ್ಷ ಕ್ಯಾಂಡಿಡೇಟ್ ಯಾರು ಅಂತ ದಿನಾ ಒಂದೊಂದು ಹೆಸರು ಓಡ್ತಿತ್ತು, ನನ್ನ ಕೇಳಿದ್ರೆ ಪೆನ್ಸಿಲ್ವೇನಿಯಾ ರಾಜ್ಯದ ಜೋಶ್ ಶಪಿರೋನೇ ಸರಿ ಇದ್ರು. ಪೆನ್ಸಿಲ್ವೇನಿಯಾದಲ್ಲಿ 19 ಎಲೆಕ್ಟೋರಲ್ ವೋಟ್ (ಅಧ್ಯಕ್ಷರನ್ನ ಆರಿಸೋಕೆ ರಾಜ್ಯಕ್ಕೆ ಸಿಗೋ ಮತ) ಇದೆ, 2020ರಲ್ಲಿ ಬೈಡನ್ ಅಲ್ಲಿ ಗೆದ್ದಿದ್ದು ಬರೀ 80 ಸಾವಿರ ಚಿಲ್ಲರೆ ಮತದಲ್ಲಿ, ಅದೇ ರಾಜ್ಯದಲ್ಲಿ 2022ರಲ್ಲಿ ಶಪಿರೋ ಹತ್ತಿರತ್ತಿರ 15 ಪರ್ಸೆಂಟ್ ಲೀಡಲ್ಲಿ ಗವರ್ನರ್ ಆದ್ರು. 2023ರಲ್ಲಿ ಅಲ್ಲಿನ ಫಿಲಡೆಲ್ಫಿಯಾದಲ್ಲಿ ಹೈವೇ ಬ್ರಿಜ್ ಕುಸಿದಾಗ ಎರಡು ವಾರದೊಳಗೆ ರೋಡ್ ಓಪನ್ ಮಾಡ್ಸಿದ್ರು (ನಮ್ಮಲ್ಲಿ ಟೆಂಡರ್ ಕರೆಯೋಕೇ ಅಷ್ಟು ದಿನ ಸಾಲಲ್ಲ ಬಿಡಿ). ಸ್ಕೂಲ್ ವೋಚರ್ (ಖಾಸಗಿ ಶಾಲೆ ಫೀಸಿಗೆ ಸರ್ಕಾರಿ ದುಡ್ಡು ಕೊಡೋದು) ವಿಚಾರಕ್ಕೆ ಟೀಚರ್ಸ್ ಯೂನಿಯನ್ನವ್ರಿಗೆ ಅವರ ಮೇಲೆ ಸಿಟ್ಟಿತ್ತು, ಗಾಜಾ ವಿಷ್ಯಕ್ಕೆ ಕಾಲೇಜು ಹುಡುಗ್ರಿಗೂ, ಅದು ಸುಳ್ಳಲ್ಲ. ಮಾಜಿ ಗಗನಯಾತ್ರಿ ಮಾರ್ಕ್ ಕೆಲಿಗೆ ಹೆಸರಿತ್ತು, ಆದ್ರೆ ಸೆನೆಟ್ಟಲ್ಲಿ (ಸಂಸತ್ತಿನ ಮೇಲ್ಮನೆ) ಡೆಮಾಕ್ರಟರಿಗೆ ಬರೀ 51–49 ಇದ್ದಾಗ ಅವರ ಆರಿಜೋನಾ ಸೀಟು ಖಾಲಿ ಮಾಡೋದು ರಿಸ್ಕಾಗಿತ್ತು. ಆಗ ಮಿನೆಸೋಟ ಗವರ್ನರ್ ಆಗಿದ್ದ ಟಿಮ್ ವಾಲ್ಜ್ ಮಾತು ಚೆಂದ, ಆದ್ರೆ ಆ ರಾಜ್ಯ ಹೆಂಗಿದ್ರೂ ಡೆಮಾಕ್ರಟರ ಕೈಲೇ ಇತ್ತಲ್ಲ.

ಒಬ್ಬ ಓದುಗ, ಮೈಸೂರು