ಕಾಲು ಎಲ್ಲಿಗೆ ಮುಗಿಯುತ್ತದೆ?

ಬೆಟಗೇರಿ, ಗದಗ

ಚಿರಂಜೀವಿ ಮಂಜುನಾಥನಿಗೆ ನಿನ್ನ ಮಾಮಾ ಮಾಡುವ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ.

ಮೊನ್ನೆ ಫೋನಿನಲ್ಲಿ ನೀನು ಅರ್ಧ ಹೇಳಿ ಅರ್ಧ ನುಂಗಿದೆ. ಉಳಿದದ್ದನ್ನು ಅಕ್ಕ ಹೇಳಿದಳು. ಮೊಣಕಾಲ ಕೆಳಗೆ ತೆಗೆದುಹಾಕಿದ ಕಾಲಿನ ಹೆಬ್ಬೆರಳು ರಾತ್ರಿ ಹೊತ್ತು ತುರಿಸುತ್ತದಂತೆ. ಕೆರೆದುಕೊಳ್ಳೋಣ ಅಂತ ಕೈ ಚಾಚಿದರೆ ಬರೀ ಹಾಸಿಗೆ. ಡಾಕ್ಟರಿಗೆ ಹೇಳಿದರೆ ತಲೆ ಕೆಟ್ಟಿದೆ ಅಂದಾರು ಅಂತ ಸುಮ್ಮನಿದ್ದೀಯಂತೆ. ಅಕ್ಕ ಆಗಲೇ ಲಿಂಬೆಹಣ್ಣು ಇಳಿಸಿ, ತಾಯಿತ ಕಟ್ಟಿಸಿದ್ದಾಳೆ. ಇರಲಿ, ಅದರಿಂದ ಅವಳಿಗಾದರೂ ನಿದ್ದೆ ಬರುತ್ತದೆ. ನೀನು ಮಾತ್ರ ಡಾಕ್ಟರಿಗೆ ಹೇಳು. ಅವರಿಗೆ ಇದೇನು ಹೊಸದಲ್ಲ. ಕೈಕಾಲು ಕಳೆದುಕೊಂಡವರಲ್ಲಿ ಬಹಳಷ್ಟು ಜನರಿಗೆ ಹೀಗಾಗುತ್ತದೆ. 1871ರಲ್ಲೇ ವಿಯರ್ ಮಿಚೆಲ್ ಎಂಬ ಅಮೆರಿಕದ ಡಾಕ್ಟರು, ಅಲ್ಲಿನ ಅಂತರ್ಯುದ್ಧದಲ್ಲಿ ಕೈಕಾಲು ಹೋದ ಸೈನಿಕರನ್ನು ನೋಡಿ ಇದರ ಬಗ್ಗೆ ಬರೆದಿದ್ದಾರೆ. (ವಿಜ್ಞಾನದ ಮಾಸ್ತರನ ಚಟ, ಇಸವಿ ಹೇಳದಿದ್ದರೆ ನನಗೆ ಸಮಾಧಾನ ಇಲ್ಲ.)

ಯಾಕೆ ಹೀಗೆ? ತಲೆಯೊಳಗೆ ಮೈಯದೊಂದು ನಕ್ಷೆ ಇದೆ. ಕೆನಡಾದ ಮಾಂಟ್ರಿಯಲ್‌ನಲ್ಲಿ ಪೆನ್‌ಫೀಲ್ಡ್ ಎಂಬ ಸರ್ಜನ್, ರೋಗಿ ಎಚ್ಚರ ಇರುವಾಗಲೇ ಮೆದುಳಿನ ಮೇಲ್ಪದರಕ್ಕೆ ಸಣ್ಣಗೆ ಕರೆಂಟ್ ಮುಟ್ಟಿಸಿ, ಏನಾಯಿತು ಅಂತ ಕೇಳುತ್ತಾ ಹೋದರು. ಒಂದು ಕಡೆ ಮುಟ್ಟಿದರೆ ತುಟಿ ಜುಮ್ಮೆನ್ನುತ್ತಿತ್ತು, ಇನ್ನೊಂದು ಕಡೆ ಮುಟ್ಟಿದರೆ ಬೆರಳು. 1937ರಲ್ಲಿ ಅದನ್ನು ಪ್ರಕಟಿಸಿದರು. ನಿನ್ನ ಕಾಲನ್ನು ಸರ್ಜನ್ ತೆಗೆದರು, ಸರಿ. ನಕ್ಷೆಯೊಳಗಿನ ಕಾಲನ್ನು ತೆಗೆದವರು ಯಾರು? ಹೊಲ ಮಾರಿ ಎಷ್ಟೋ ವರ್ಷವಾದರೂ ಉತಾರದಲ್ಲಿ ಅಜ್ಜನ ಹೆಸರೇ ಇರುತ್ತದೆ ಅಲ್ವಾ, ಹಾಗೆ.

ಈಗ ನಿನ್ನ ಇನ್ನೊಂದು ತಕರಾರು. ‘ಈ ರಬ್ಬರ್ ಕಾಲು ನನ್ನದಲ್ಲ ಮಾಮಾ, ನಾನು ಅರ್ಧ ಮನುಷ್ಯ ಆದೆ’ ಅಂದೆಯಲ್ಲ, ಅದು ನನ್ನನ್ನು ಜಾಸ್ತಿ ಕಾಡಿತು. ನಿನ್ನನ್ನು ನೋಡಲು ಬಂದವರು ದೇಹ ಶಾಶ್ವತ ಅಲ್ಲ, ಆತ್ಮಕ್ಕೆ ಏನೂ ಆಗಿಲ್ಲ ಅಂತ ಉಪದೇಶ ಮಾಡಿ ಚಹಾ ಕುಡಿದು ಹೋದರಂತೆ. ಎರಡು ಕಾಲಿದ್ದವರಿಗೆ ಆ ಮಾತು ಸುಲಭ. ನಾನು ಹಾಗೆ ಹೇಳುವುದಿಲ್ಲ. ಕಾಲು ಹೋದದ್ದು ನಷ್ಟವೇ. ಆದರೆ ‘ನಾನು’ ಅನ್ನುವುದು ಚರ್ಮಕ್ಕೇ ಮುಗಿಯುತ್ತದೆ ಅನ್ನುವ ಲೆಕ್ಕವನ್ನು ನಾನು ಒಪ್ಪುವುದಿಲ್ಲ.

1998ರಲ್ಲಿ ಬಾಟ್ವಿನಿಕ್, ಕೊಹೆನ್ ಎಂಬಿಬ್ಬರು ಒಂದು ಪ್ರಯೋಗ ಮಾಡಿದರು. ಮನುಷ್ಯನ ಕೈಯನ್ನು ಮರೆಯಲ್ಲಿಟ್ಟು, ಅವನ ಕಣ್ಣೆದುರಿಗೆ ರಬ್ಬರ್ ಕೈ ಇಟ್ಟರು. ಎರಡನ್ನೂ ಒಂದೇ ಹೊತ್ತಿಗೆ ಬ್ರಶ್ಶಿನಿಂದ ಸವರಿದರು. ಸ್ವಲ್ಪ ಹೊತ್ತಿಗೆ ಆ ರಬ್ಬರ್ ಕೈಯೇ ತನ್ನದು ಅನ್ನಿಸತೊಡಗಿತು. ಸವರುವ ಹೊತ್ತು ಹಿಂದುಮುಂದಾದರೆ ಆ ಭಾವನೆ ಅಷ್ಟಾಗಿ ಬರುವುದಿಲ್ಲ. ಕಣ್ಣು ಹೇಳಿದ್ದಕ್ಕೂ ಮೈ ಹೇಳಿದ್ದಕ್ಕೂ ತಾಳೆ ಬಿದ್ದರೆ ಮೆದುಳು ‘ನನ್ನದು’ ಅನ್ನುತ್ತದೆ.

ನನಗೆ ಅದಕ್ಕಿಂತ ಮುಖ್ಯ ಅನ್ನಿಸುವುದು ಜಪಾನಿನ ಇರಿಕಿ ಅವರ ಕೆಲಸ, 1996ರದ್ದು. ಕೈಗೆ ಎಟುಕದ ತಿಂಡಿಯನ್ನು ಕೋಲಿನಿಂದ ಎಳೆದುಕೊಳ್ಳಲು ಮಂಗಗಳಿಗೆ ಕಲಿಸಿದರು. ಕೈಯ ಆಸುಪಾಸಿನ ವಸ್ತು ಕಂಡರೆ ಎಚ್ಚರಗೊಳ್ಳುತ್ತಿದ್ದ ಮೆದುಳಿನ ಕೆಲವು ಕೋಶಗಳು, ಆಮೇಲೆ ಕೋಲಿನ ಆಸುಪಾಸಿಗೂ ಎಚ್ಚರಗೊಂಡವು. ಮಂಗ ಸುಮ್ನೆ ಕೋಲು ಹಿಡಿದು ಕೂತಾಗ ಹಾಗಾಗಲಿಲ್ಲ. ಕೋಲಿನಿಂದ ಕೆಲಸ ತೆಗೆದಾಗ ಮಾತ್ರ.

ಇಲ್ಲಿಯ ವೀರೇಶ್ವರ ಪುಣ್ಯಾಶ್ರಮದ ಹುಡುಗರನ್ನು ನೀನೂ ನೋಡಿದ್ದೀಯ. ಕಣ್ಣಿಲ್ಲದ ಒಬ್ಬ ಹುಡುಗ ಮೊನ್ನೆ ನನ್ನ ಮುಂದೆಯೇ ಹೋಗುತ್ತಿದ್ದ. ಬಿಳಿ ಕೋಲು ಗಟಾರದ ಹಾಸುಗಲ್ಲಿಗೆ ತಾಗಿತು. ನಿಂತ. ಇನ್ನೊಮ್ಮೆ ಮೆಲ್ಲಗೆ ಕುಟ್ಟಿದ. ‘ಈ ಕಲ್ಲು ಅಲುಗಾಡುತ್ತದೆ, ನೋಡಿಕೊಂಡು ಬರ್ರಿ’ ಅಂತ ನನಗೇ ಹೇಳಿದ! ಕೋಲು ಒತ್ತಿದ್ದು ಅವನ ಅಂಗೈಗೆ. ಅವನಿಗೆ ಗೊತ್ತಾದದ್ದು ಕೋಲಿನ ತುದಿಯ ಕಲ್ಲು. ನಿಮ್ಮಜ್ಜನೂ ಮಗ್ಗದ ಕುಣಿಯಲ್ಲಿ ಕೂತಾಗ ಹೀಗೇ. ಎಳೆ ಹರಿದರೆ ಕಣ್ಣು ಅತ್ತ ಹೋಗುವ ಮೊದಲೇ ಲಾಳಿಯ ಕೈ ನಿಲ್ಲುತ್ತಿತ್ತು.

ಹಾಗಾಗಿ ನಾನು ಹೇಳುವುದು ಇಷ್ಟು. ಆ ಕಾಲು ಹಾಕಿಕೊಂಡು ಕುರ್ಚಿಯಲ್ಲಿ ಕೂತು ಅದನ್ನೇ ದಿಟ್ಟಿಸಬೇಡ. ವರಾಂಡದಲ್ಲಿ ಸುತ್ತು ಎಣಿಸುವುದೂ ಸಾಲದು. ಕೆಲಸ ಇಟ್ಟುಕೊಂಡು ನಡೆ. ಹಾಲು ತರಲು, ಸಂತೆಗೆ, ಯಾರನ್ನಾದರೂ ಬೈಯಲಾದರೂ ಸರಿ. ನಿನ್ನದು ಜೈಪುರ ಕಾಲು. 1968ರ ಸುಮಾರಿಗೆ ರಾಮಚಂದ್ರ ಶರ್ಮಾ ಎಂಬ ಕುಶಲಕರ್ಮಿ, ಡಾಕ್ಟರ್ ಪಿ. ಕೆ. ಸೇಥಿ ಜೊತೆ ಸೇರಿ ಮಾಡಿದ್ದು. ನಮ್ಮಂಥವರು ಬರಿಗಾಲಲ್ಲಿ ನಡೆಯುತ್ತಾರೆ, ಕುಕ್ಕರಗಾಲಲ್ಲಿ ಕೂರುತ್ತಾರೆ ಅಂತ ಗೊತ್ತಿದ್ದು ಮಾಡಿದ ಕಾಲು. ಅದು ಹುಟ್ಟಿದ ಕಾಲಿನಷ್ಟೇ ನಿನ್ನದಾಗುತ್ತದೆ ಅಂತ ಸುಳ್ಳು ಹೇಳಲಾರೆ. ಅದಕ್ಕೆ ನರ ಇಲ್ಲ. ಆದರೆ ಹಾಸುಗಲ್ಲು ಯಾವುದು, ಮಣ್ಣು ಯಾವುದು ಅಂತ ಸಾಕೆಟ್ಟಿನ, ಅಂದರೆ ನಿನ್ನ ಉಳಿದ ಕಾಲು ಕೂರುವ ಬಟ್ಟಲಿನ, ಒತ್ತಡದಲ್ಲೇ ತಿಳಿಯುವುದನ್ನು ಕಲಿಯುತ್ತೀಯ.

ತುರಿಕೆಗೆ, ನೋವಿಗೆ ಕನ್ನಡಿಯ ಉಪಾಯ ಒಂದಿದೆ. ತಮಿಳುನಾಡಿನಲ್ಲಿ ಹುಟ್ಟಿದ ವಿ. ಎಸ್. ರಾಮಚಂದ್ರನ್ ತೊಂಬತ್ತರ ದಶಕದಲ್ಲಿ ತೋರಿಸಿಕೊಟ್ಟದ್ದು. ಎರಡು ಕಾಲಿನ ನಡುವೆ ಉದ್ದ ಕನ್ನಡಿ ನಿಲ್ಲಿಸಿ, ಅದರಲ್ಲಿ ನೋಡುತ್ತಾ, ಚೆನ್ನಾಗಿರುವ ಕಾಲನ್ನು ಆಡಿಸಬೇಕು. ಇಲ್ಲದ ಕಾಲೇ ಆಡಿದಂತೆ ಕಾಣುತ್ತದೆ. ಕೆಲವರಿಗೆ ಹಿಡಿಸುತ್ತದೆ, ಕೆಲವರಿಗೆ ಇಲ್ಲ. ಫಿಸಿಯೋಥೆರಪಿಸ್ಟ್ ಹತ್ತಿರ ಕೇಳಿ ಮಾಡು. ಸಾಕೆಟ್ ಒಳಗೆ ಚರ್ಮ ಕೆಂಪಾಗಿದೆಯಾ ಅಂತ ದಿನಾ ಸಂಜೆ ನೋಡಿಕೋ. ಮೊದಮೊದಲು ಉಳಿದ ಕಾಲಿನ ತುದಿ ಸಣ್ಣದಾಗುತ್ತಾ ಹೋಗುತ್ತದೆ, ಸಾಕೆಟ್ ಸಡಿಲಾಗುತ್ತದೆ. ಸಹಿಸಿಕೊಂಡು ಕೂರಬೇಡ, ಹೋಗಿ ಸರಿ ಮಾಡಿಸಿಕೋ.

ಇನ್ನೊಂದು ಕೆಲಸ. ಹುಬ್ಬಳ್ಳಿಯ ದುರ್ಗದ ಬೈಲಿನ ಅಂಗಡಿಯಲ್ಲಿ ನನ್ನ ಕನ್ನಡಕ ರಿಪೇರಿಗೆ ಕೊಟ್ಟಿದ್ದೇನೆ. ರಸೀದಿ ಈ ಪತ್ರದ ಜೊತೆ ಇದೆ. ತಮ್ಮನನ್ನು ಕಳಿಸಬೇಡ, ನೀನೇ ಹೋಗು. ಆಟೋದವನು ಒಳಗೆ ಬರುವುದಿಲ್ಲ, ಆ ಗದ್ದಲದಲ್ಲಿ ನಡೆದೇ ಹೋಗಬೇಕು. ಶನಿವಾರದೊಳಗೆ ತಂದುಕೊಡು, ಪೇಪರ್ ಓದಲು ಆಗುತ್ತಿಲ್ಲ.

ನಿನ್ನ ಮಾಮಾ